ಹೊರಗೆ ಕನ್ನಡ ಬೋರ್ಡು, ಒಳಗೆ ಲ್ಯಾಟಿನ್ನು

ಬೆಳಗಿನ ಹೊತ್ತು ಔರಾದ್‌ನಿಂದ ಬೀದರ್‌ಗೆ ಬರುವ ಬಸ್ ಹತ್ತಿದರೆ ಮಂತ್ರಪಠಣ ಪುಕ್ಕಟೆ. ನನ್ನ ಪಕ್ಕ ಕೂತಿದ್ದ ಹುಡುಗಿ ನರ್ಸಿಂಗ್ ಮೊದಲ ವರ್ಷದವಳು. ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು: ‘ಗ್ಯಾಸ್ಟ್ರೈಟಿಸ್, ನೆಫ್ರೈಟಿಸ್, ಸಿಸ್ಟೈಟಿಸ್...’

ಹಿಂದಿನ ಸೀಟಿನ ಮುದುಕಿಗೆ ತಡೆಯಲಾಗಲಿಲ್ಲ. ‘ಯಾವ ದೇವರದ್ದು ಯವ್ವಾ ಇದು?’

‘ದೇವರದ್ದಲ್ಲ ಆಯಿ, ನಾಳಿಗಿ ಟೆಸ್ಟ್ ಅದ. ಸಿಸ್ಟೈಟಿಸ್ ಅಂದ್ರ ಮೂತ್ರಕೋಶದ ಉರಿಯೂತ.’

‘ಉರಿಯೂತ ಅಂದ್ರ?’

ಹುಡುಗಿ ಪುಸ್ತಕ ತಿರುವಿದಳು. ಅದಕ್ಕೆ ಅಲ್ಲಿ ಇನ್ನೊಂದು ಇಂಗ್ಲಿಷ್ ಪದವಿತ್ತೇ ಹೊರತು ಆಯಿಗೆ ಕೊಡುವಂಥದ್ದೇನೂ ಇರಲಿಲ್ಲ. ಆಯಿಯೇ ಕೈ ಹಿಡಿದಳು: ‘ಉರಿಮೂತ್ರ ಅನ್ನಲ್ಲ! ಇಷ್ಟಕ್ಕ ಇಷ್ಟುದ್ದ ಹೆಸರ್ಯಾಕ ಬೇಕು?’ ಪರೀಕ್ಷೆ ಬರೆದಿದ್ದರೆ ಆಯಿಗೆ ಸೊನ್ನೆ. ಉರಿಮೂತ್ರ ರೋಗವಲ್ಲ, ಲಕ್ಷಣ. ಅದಕ್ಕೆ ಬೇರೆಯೇ ಗ್ರೀಕ್ ಹೆಸರಿದೆ, ಡಿಸ್ಯೂರಿಯಾ. ಅದು ಮುಂದಿನ ಪುಟ.

ನಿಜಾಮರ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾವೀಗ ಆ ಉಪಾಯವನ್ನೇ ಉಲ್ಟಾ ಮಾಡಿದ್ದೇವೆ. 2024ರ ಕಾನೂನಿನಂತೆ ಬೋರ್ಡಿನ ಮೇಲೆ ಶೇ. 60 ಕನ್ನಡ ಇರಲೇಬೇಕು, ಇದೆ. ಬೋರ್ಡಿನಲ್ಲಿ ‘ಆಸ್ಪತ್ರೆ’, ಜನರ ಬಾಯಲ್ಲಿ ‘ದವಾಖಾನಿ’, ಬಾಗಿಲು ದಾಟಿದರೆ ಲ್ಯಾಟಿನ್ನು. ಪಟ್ಟದ್ದೇವರು ಕನ್ನಡವನ್ನು ಒಳಗೆ ಬಚ್ಚಿಟ್ಟು ಕಾಪಾಡಿದರು. ನಾವು ಅದನ್ನು ಹೊರಗೆ ಮಳೆಗೆ ಬಿಟ್ಟು ಕಾಪಾಡುತ್ತಿದ್ದೇವೆ.

ನಮ್ಮ ಓಣಿಯಲ್ಲೊಬ್ಬರು ನಿವೃತ್ತ ಮಾಸ್ತರರಿದ್ದಾರೆ. ಮೊನ್ನೆ ದವಾಖಾನೆಯ ಚೀಟಿ ಹಿಡಿದು ಬಂದರು. ಒಂದು ಗುಳಿಗೆಯ ಮುಂದೆ ಓ.ಡಿ., ಇನ್ನೊಂದರ ಮುಂದೆ ಬಿ.ಡಿ. ‘ಒಂದಕ್ಕ ಓಡಿ ಅಂತಾರ, ಇನ್ನೊಂದಕ್ಕ ಬಿಡಿ ಅಂತಾರ. ತಗೊಳ್ಳೋದು ಯಾವುದ್ರೀ?’ ಮೂರನೆಯದಕ್ಕೆ ಟಿ.ಡಿ.ಎಸ್. ‘ಪಿಂಚಣಿದಾಗ ಹಿಡ್ಕೊಂಡಿದ್ದು ಸಾಲಲಾರದ್ದಕ್ಕ ಗುಳಿಗಿ ಮ್ಯಾಲೂ ಟ್ಯಾಕ್ಸ್ ಏನ್ರೀ?’ ಎ.ಸಿ. ಅಂದರೆ ಅಸಿಸ್ಟಂಟ್ ಕಮಿಷನರ್ ಸಾಹೇಬರು, ಎಚ್.ಎಸ್. ಅಂದರೆ ಹೈಸ್ಕೂಲು ಎಂದು ಅವರು ಆಗಲೇ ಇತ್ಯರ್ಥ ಮಾಡಿಕೊಂಡಿದ್ದರು. ದಿನಕ್ಕೊಮ್ಮೆ, ಎರಡು ಸಲ, ಮೂರು ಸಲ, ಊಟಕ್ಕೆ ಮುಂಚೆ, ಮಲಗುವಾಗ: ಇಷ್ಟೇ ಸಂಗತಿ. ರೋಮನ್ ಸಾಮ್ರಾಜ್ಯ ಮುಳುಗಿ ಒಂದೂವರೆ ಸಾವಿರ ವರ್ಷವಾಯಿತು. ಆದರೂ ಬೀದರ್‌ನ ಮಾಸ್ತರರ ಗುಳಿಗೆಯ ವೇಳೆ ಅಲ್ಲಿಂದಲೇ ನಿಗದಿಯಾಗಬೇಕು.

ಹಾಗಂತ ಈ ಪದಗಳು ಬೇಡವೇ ಬೇಡ ಎನ್ನುವ ದಡ್ಡ ನಾನಲ್ಲ. ರಕ್ತದ ಸಕ್ಕರೆ ಇಳಿದರೆ ಹೈಪೋಗ್ಲೈಸೀಮಿಯಾ, ಏರಿದರೆ ಹೈಪರ್‌ಗ್ಲೈಸೀಮಿಯಾ. ಒಬ್ಬರಿಗೆ ಸಕ್ಕರೆ ಕೊಡಬೇಕು, ಇನ್ನೊಬ್ಬರಿಗೆ ಇನ್ಸುಲಿನ್ ಬೇಕಾದೀತು. ರಾತ್ರಿ ಮೂರು ಗಂಟೆಗೆ ಫೋನಿನಲ್ಲಿ ಕೇಳುವಾಗ ‘ಪೋ’, ‘ಪರ್’ ನಡುವಿನ ಕೂದಲಂಚಿನಲ್ಲಿ ಜೀವ ನಿಂತಿರುತ್ತದೆ. ಬೀದರ್‌ನಲ್ಲಿ ಕಲಿತ ಮಾತು ದುಬೈಯ ವಾರ್ಡಿನಲ್ಲೂ ನಡೆಯಬೇಕು. ಕಲಿಯಲಿ, ಬಾಯಿಪಾಠವೂ ಮಾಡಲಿ.

ಅಲ್ಲದೆ ಗ್ರೀಕ್ ತಂದುಕೊಡುವ ಮರ್ಯಾದೆಯೇ ಬೇರೆ. ‘ಯಾಕೆ ಬಂತೋ ಗೊತ್ತಿಲ್ಲ’ ಎಂದರೆ ರೋಗಿಯ ಕಡೆಯವರು ಹೈದರಾಬಾದಿಗೆ ಗಾಡಿ ಕಟ್ಟುತ್ತಾರೆ. ‘ಇಡಿಯೋಪಥಿಕ್’ ಎಂದರೆ ಕೈಮುಗಿಯುತ್ತಾರೆ. ಅರ್ಥ ಎರಡಕ್ಕೂ ಒಂದೇ. ‘ನೋಸೋಕೋಮಿಯಲ್’ ಅಂದರೆ ನಮ್ಮ ದವಾಖಾನೆಗೆ ಬಂದ ಮೇಲೆಯೇ ನಿನಗೆ ಅಂಟಿದ್ದು. ‘ಅಯಟ್ರೋಜೆನಿಕ್’ ಅಂದರೆ ನಾವು ಮಾಡಿದ ಚಿಕಿತ್ಸೆಯಿಂದಲೇ ಬಂದದ್ದು. ಈ ಮೂರನ್ನು ಮಾತ್ರ ಯಾವ ವಿದ್ಯಾರ್ಥಿನಿಯೂ ಅಪ್ಪಿತಪ್ಪಿ ಕನ್ನಡಕ್ಕೆ ತರಬಾರದು. ವಾರ್ಡಿನ ಗಾಜು ಉಳಿಯಬೇಕಲ್ಲ.

ನನ್ನ ತಕರಾರು ಬೇರೆ. ರೋಗಿ ಬಂದು ಹೇಳುತ್ತಾನೆ: ಹೊಟ್ಟಿ ಕಡೀತದ. ಇನ್ನೊಬ್ಬಳಿಗೆ ಹೊಟ್ಟಿ ಮುರೀತದ. ಮತ್ತೊಬ್ಬನಿಗೆ ಚುಚ್ತದ, ಮಗದೊಬ್ಬಳಿಗೆ ಉರೀತದ. (ಕೊನೆಯದು ಪಕ್ಕದ ಮನೆಯವರು ಟ್ರ್ಯಾಕ್ಟರ್ ತಂದಾಗಲೂ ಆಗುತ್ತದೆ, ಅದಕ್ಕೆ ಬೇರೆ ವಾರ್ಡು.) ನಾಲ್ಕು ಕ್ರಿಯಾಪದ, ನಾಲ್ಕು ಥರದ ನೋವು. ಕೇಸ್‌ಶೀಟಿನಲ್ಲಿ ನಾಲ್ಕಕ್ಕೂ ಒಂದೇ ಸಾಲು: ‘ಪೇನ್ ಅಬ್ಡೊಮೆನ್’. ಗಡಿಯ ಮುದುಕ ಮರಾಠಿಯಲ್ಲಿ ‘ಪೋಟಾತ್ ದುಖ್ತಂಯ್’ ಅನ್ನುತ್ತಾನೆ, ಹಳೇ ಪೇಟೆಯ ಖಾಲಾ ‘ಪೇಟ್ ಮೇ ದರ್ದ್’ ಅನ್ನುತ್ತಾಳೆ, ತಾಂಡಾದ ಬಾಯಿ ಲಂಬಾಣಿಯಲ್ಲಿ ಹೇಳುತ್ತಾಳೆ. ನಡುವೆ ನಿಂತು ಇವನ್ನೆಲ್ಲ ಬಿಡಿಸಿ ಹೇಳುವವಳು ವಾರ್ಡಿನ ಆಯಾ. ಭಾಷೆಗಳಲ್ಲಿ ಅವಳೇ ಪ್ರೊಫೆಸರು, ಸಂಬಳದಲ್ಲಿ ಮಾತ್ರ ಆಯಾ.

ನಿಜಾಮರಿಗೆ ನಾವು ಹಿಡಿಶಾಪ ಹಾಕುತ್ತೇವೆ, ಹಾಕಬೇಕಾದದ್ದೇ. ಆದರೆ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ದಾರುಲ್ ತರ್ಜುಮಾ ಎಂಬ ಅನುವಾದ ಕಚೇರಿಯನ್ನೇ ಕಟ್ಟಿಕೊಂಡು ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿ ತೋರಿಸಿತು. ಉರ್ದು ಇಲ್ಲಿನ ಹೆಚ್ಚಿನವರ ಮನೆಮಾತಲ್ಲ ಎಂಬುದು ನಮ್ಮ ದುಃಖ, ಆದರೆ ಕೆಲಸ ಆಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮದೇ ಹಳೆಯ ರಾಜಧಾನಿ ಹೈದರಾಬಾದ್. ಪಕ್ಕದ ಕಲಬುರಗಿಯಲ್ಲಿ ಡಾ. ಪಿ.ಎಸ್. ಶಂಕರ್ ಕನ್ನಡದಲ್ಲಿ ವೈದ್ಯಕೀಯ ಪುಸ್ತಕಗಳನ್ನು ಬರೆದರು. ಅವಕ್ಕೆ ನಾವು ಶಾಲು ಹೊದಿಸಿ ಕಪಾಟಿನಲ್ಲಿ ಮಲಗಿಸಿದೆವು.

ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ಒಂದೇ ಕೋರಿಕೆ. ಐಟಿಸ್, ಎಕ್ಟಮಿಗಳನ್ನೆಲ್ಲ ಧಾರಾಳವಾಗಿ ಕೇಳಿರಿ. ಜೊತೆಗೆ ಐದೇ ಅಂಕಕ್ಕೆ ಇದನ್ನೂ ಹಾಕಿರಿ: ‘ಔರಾದ್‌ನ ಆಯಿಯೊಬ್ಬಳು, ಎದಿ ಮ್ಯಾಲ ಬೀಸುಕಲ್ಲು ಇಟ್ಟಾಂಗ ಆಗ್ಯದ, ಎಡಗೈ ಜುಮ್ಮನ್ನಲತ್ತದ ಅಂತಾಳೆ. ಆಕೆಗೆ ಏನಾಗಿರಬಹುದು, ಡಾಕ್ಟರಿಗೆ ಏನು ಹೇಳುವಿರಿ, ಆಕೆಗೆ ಆಕೆಯ ಮಾತಿನಲ್ಲೇ ಏನು ಹೇಳುವಿರಿ?’