ಆಸನ ಮೀಮಾಂಸೆ: ಹಿರಿಯರನ್ನು ಸೋಫಾದಿಂದ ಎಬ್ಬಿಸುವ ಶಾಸ್ತ್ರ

ಪದ್ಮಾಸನ, ವೀರಾಸನ, ಮಯೂರಾಸನಗಳಿಗೆಲ್ಲ ಲಕ್ಷಣ ಹೇಳಿದ ಪೂರ್ವಾಚಾರ್ಯರು, ನಿವೃತ್ತಿಯ ಮರುದಿನ ಬೆಳಿಗ್ಗೆ ಶುರುವಾಗಿ ಆಜೀವಪರ್ಯಂತ ನಡೆಯುವ ಸೋಫಾಸನದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಈ ಲೋಪವನ್ನು ತುಂಬುವುದೇ ಪ್ರಸ್ತುತ ಗ್ರಂಥದ ಪ್ರಯೋಜನ. ಅರವತ್ತನ್ನೂ ಬೆಲ್ಟಿನ ಕೊನೆಯ ತೂತನ್ನೂ ದಾಟಿದ ಸಜ್ಜನರು ಇದರ ವಿಷಯ. ಅವರ ಮನೆಯವರು ಅಧಿಕಾರಿಗಳು. ಇವರ ನಡುವೆ ನಿತ್ಯ ನಡೆಯುವ ಜಗಳವೇ ಸಂಬಂಧ.

ಸೂತ್ರ 1: ಎಚ್ಚರವಿದ್ದೂ ಕದಲದಿರುವುದು ಆಸನ.

ಭಾಷ್ಯ: ‘ಎಚ್ಚರವಿದ್ದೂ’ ಎಂದದ್ದು ನಿದ್ದೆಯನ್ನು ಹೊರಗಿಡಲು. ಸುಮ್ಮನೆ ಕೂತ ದೇಹ ಖರ್ಚು ಮಾಡುವ ಶಕ್ತಿಗೆ ಆಧುನಿಕರು 1 ಮೆಟ್ ಎನ್ನುತ್ತಾರೆ. ಎಚ್ಚರದಲ್ಲಿ ಕೂತು, ಒರಗಿ ಅಥವಾ ಮಲಗಿ, 1.5 ಮೆಟ್ ಮೀರದೆ ಮಾಡುವ ಸಕಲ ವ್ಯಾಪಾರವೂ ಆಸನವೇ. ಪತ್ರಿಕೆ ಓದುವುದು, ಧಾರಾವಾಹಿ ನೋಡುವುದು, ದೇಶದ ಆರ್ಥಿಕ ಸ್ಥಿತಿ ಸರಿಪಡಿಸುವುದು ಇದಕ್ಕೆ ಉದಾಹರಣೆ. ಟಿವಿ ಮುಂದೆ ಕಣ್ಣು ಮುಚ್ಚಿ ಗೊರಕೆ ಹೊಡೆಯುವುದು ನಿದ್ದೆಯೋ ಆಸನವೋ ಎಂಬಲ್ಲಿ ಮತಭೇದವಿದೆ. ಚಾನೆಲ್ ಬದಲಾಯಿಸಿದೊಡನೆ ‘ನೋಡ್ತಾ ಇದೀನಿ ಕಣೋ’ ಎಂಬ ಶಬ್ದಪ್ರಮಾಣ ದೊರೆಯುವುದರಿಂದ ಆಸನವೆಂದೇ ಎಣಿಸತಕ್ಕದ್ದು.

ಸೂತ್ರ 2: ಬೆಳಗಿನ ವಾಕಿಂಗಿನಿಂದ ಆಸನದೋಷ ಪರಿಹಾರವೆಂದರೆ, ಅಲ್ಲ.

ಭಾಷ್ಯ: ‘ದಿನಾ ಪಾರ್ಕಿಗೆ ಹೋಗ್ತೀನಲ್ಲಪ್ಪಾ’ ಎಂಬುದು ಪೂರ್ವಪಕ್ಷ. ಪಾರ್ಕಿನಲ್ಲಿ ಎರಡು ಸುತ್ತು, ಕಲ್ಲುಬೆಂಚಿನ ಮೇಲೆ ಒಂದು ಗಂಟೆ ರಾಜಕೀಯ, ಆಮೇಲೆ ದರ್ಶಿನಿ: ಇದು ಆ ಹೋಗುವಿಕೆಯ ಸ್ವರೂಪ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟುಗೂಡಿಸಿ 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೂರುವವರು ಅದರ ಅಪಾಯ ಕಳೆದುಕೊಳ್ಳಲು 60ರಿಂದ 75 ನಿಮಿಷ ಚುರುಕಾಗಿ ಓಡಾಡಬೇಕು. ಎರಡು ಸುತ್ತಿನಲ್ಲಿ ಅದು ತೀರುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿಯಲ್ಲಿ ನಿಂತೇ ತಿನ್ನುವುದರಿಂದ ಅಲ್ಲಿ ಆಸನದೋಷ ಇಲ್ಲವೆಂಬ ವಾದ ಒಪ್ಪತಕ್ಕದ್ದೇ. ದೋಸೆಯ ಮೇಲಿನ ಬೆಣ್ಣೆಯ ವಿಚಾರ ಬೇರೆ ಅಧಿಕರಣ.

ಸೂತ್ರ 3: ಪ್ರಮಾಣವು ಪರದೇಶದಲ್ಲಿ ಲಭ್ಯ.

ಭಾಷ್ಯ: ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರ್ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ಟಿಗಾಗಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಡ್ರೈವರುಗಳಿಗೇ ಹೃದ್ರೋಗ ಹೆಚ್ಚೆಂದು ವೈದ್ಯ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ‘ಡ್ರೈವರುಗಳು ಮೊದಲೇ ದಪ್ಪಗಿದ್ದರೇನೋ’ ಎಂಬ ಆಕ್ಷೇಪ ಏಳದಿರಲೆಂದು ಸಮವಸ್ತ್ರದ ಪ್ಯಾಂಟುಗಳ ಸೊಂಟದಳತೆಯನ್ನೇ ತರಿಸಿ ಅಭ್ಯಾಸ ಮಾಡಿದರು. ಡ್ರೈವರುಗಳ ಸೊಂಟ ನಿಜಕ್ಕೂ ದೊಡ್ಡದಿತ್ತು. ತನಗೆ ವಿರುದ್ಧವಾಗಬಹುದಾದ ಆ ಸಂಗತಿಯನ್ನೂ ಮಾರಿಸ್ 1956ರಲ್ಲಿ ಅಚ್ಚು ಹಾಕಿಸಿದರು. ದರ್ಜಿಯ ಟೇಪನ್ನು ಪ್ರಮಾಣಗ್ರಂಥವಾಗಿ ಸ್ವೀಕರಿಸಿದ ಈ ಋಷಿ ತೊಂಬತ್ತೊಂಬತ್ತು ವರ್ಷ ಬದುಕಿದರು.

ನಮ್ಮ ವಿಷಯಕ್ಕೆ ನೇರವಾಗಿ ಒದಗುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಿಂದ 2024ರಲ್ಲಿ ಬಂದ ಪ್ರಯೋಗ. ಬಿಎಂಐ 30ರಿಂದ 50ರವರೆಗಿನ, ಅಂದರೆ ಬೊಜ್ಜಿನ ವರ್ಗಕ್ಕೆ ಸೇರಿದ, 60ರಿಂದ 89 ವಯಸ್ಸಿನ 283 ಮಂದಿ. ಒಂದು ಗುಂಪಿಗೆ ನಿಂತು ಕೆಲಸ ಮಾಡುವ ಮೇಜು, ಓಡಾಟ ಅಳೆಯುವ ಕೈಪಟ್ಟಿ, ಆಗಾಗ ಮಾತಾಡಿಸಿ ಹುರಿದುಂಬಿಸುವ ಒಬ್ಬ ಮಾರ್ಗದರ್ಶಕ. ಜಿಮ್ಮಿಲ್ಲ, ಓಟವಿಲ್ಲ, ಉಪವಾಸವಿಲ್ಲ. ಆರು ತಿಂಗಳಲ್ಲಿ ಇನ್ನೊಂದು ಗುಂಪಿಗಿಂತ ಇವರು ಕೂರುವುದು ದಿನಕ್ಕೆ ಅರ್ಧ ಗಂಟೆ ಕಡಿಮೆಯಾಯಿತು, ಬಿಪಿಯ ಮೇಲಿನ ಅಂಕಿ ಸುಮಾರು 3.5ರಷ್ಟು ಇಳಿಯಿತು. ಬರೀ ಎದ್ದು ನಿಂತದ್ದಕ್ಕೆ ಇಷ್ಟು ಫಲ ಕೊಡುವ ವ್ರತ ನಮ್ಮ ಪಂಚಾಂಗದಲ್ಲೂ ಅಪರೂಪ.

ಸೂತ್ರ 4: ಮೂಲಕಾರಣ ಗೌರವವೇ, ಬೇರೆ ಇಲ್ಲದ್ದರಿಂದ.

ಭಾಷ್ಯ: ಹಿರಿಯರು ಏಳದಿರುವುದು ಸೋಮಾರಿತನದಿಂದ ಎಂದು ಮಂದಮತಿಗಳು ಹೇಳುತ್ತಾರೆ. ಪ್ರತ್ಯಕ್ಷವನ್ನು ನೋಡೋಣ. ಸಂಜೆ ಏಳು ಗಂಟೆ. ರಾಯರು ಸೋಫಾದ ಮೂಲೆಯಲ್ಲಿ, ಅವರ ಆಕಾರಕ್ಕೇ ತಗ್ಗಿದ ಹಳ್ಳದಲ್ಲಿ ಪ್ರತಿಷ್ಠಿತರು. ಕನ್ನಡಕ ಎದುರಿನ ಟೀಪಾಯಿ ಮೇಲಿದೆ. ರಾಯರು ಮುಂದೆ ಬಾಗಿ, ಎರಡೂ ಕೈ ಊರಿ, ‘ಅಮ್ಮಾ’ ಎಂದು ಏಳುವ ಸಂಕಲ್ಪ ಮಾಡಿದರು. ತಕ್ಷಣ ಅಡುಗೆಮನೆಯಿಂದ ಸೊಸೆ, ರೂಮಿನಿಂದ ಮಗ: ‘ನೀವ್ ಕೂತ್ಕೊಳ್ಳಿ, ನಾನ್ ಕೊಡ್ತೀನಿ’. ಕನ್ನಡಕ ಬಂತು. ಅದರ ಹಿಂದೆ ಕಾಫಿ, ಕಾಫಿಯ ಹಿಂದೆ ಕೋಡುಬಳೆ. ಸಂಕಲ್ಪಭಂಗವಾಯಿತು. ರಾತ್ರಿ ಒಂಬತ್ತಕ್ಕೆ ಅದೇ ಮಗ, ‘ಅಪ್ಪಾ, ಸ್ವಲ್ಪ ಓಡಾಡಿ ಅಂತ ಡಾಕ್ಟ್ರು ಹೇಳಿಲ್ವಾ?’ ಎನ್ನುತ್ತಾನೆ.

ರಾಯರ ಪತ್ನಿಯ ಪಾಡು ಇನ್ನೂ ವಿಚಿತ್ರ. ನಲವತ್ತು ವರ್ಷ ಕೂರಲು ಪುರುಸೊತ್ತಿಲ್ಲದ ಆಕೆಯನ್ನು ‘ಇಷ್ಟು ದಿನ ದುಡಿದದ್ದು ಸಾಕಮ್ಮಾ’ ಎಂದು ಒಂದೇ ದಿನದಲ್ಲಿ ದಿವಾನದ ಮೇಲೆ ಕೂರಿಸಿದ್ದಾರೆ. ಕುಟ್ಟಿ ಬೀಸಿ ಎದ್ದು ಕೂತು ಸವೆಸುತ್ತಿದ್ದುದೆಲ್ಲ ಈಗ ಮೈಮೇಲೆ ಠೇವಣಿಯಾಗಿ ಬೆಳೆಯುತ್ತಿದೆ.

ಸೂತ್ರ 5: ಮಂಡಿನೋವಿದ್ದರೆ ಆಸನವನ್ನೇ ಎತ್ತರಿಸತಕ್ಕದ್ದು.

ಭಾಷ್ಯ: ಇದು ನಗುವ ವಿಷಯವಲ್ಲ. ತಗ್ಗಿನ ಮೆತ್ತನೆ ಸೋಫಾದಿಂದ ಏಳುವಾಗ ಮಂಡಿಯ ಮೇಲೆ ಹೆಚ್ಚು ಭಾರ ಬೀಳುತ್ತದೆ. ಕೈಹಿಡಿಯಿರುವ ಎತ್ತರದ ಗಟ್ಟಿ ಕುರ್ಚಿ ಕೊಡಬೇಕು. ಅಂಚಿಗೆ ಸರಿದು, ಪಾದಗಳನ್ನು ಹಿಂದಕ್ಕೆಳೆದು, ಎದೆಯನ್ನು ಮುಂದೆ ಬಾಗಿಸಿ ಎದ್ದರೆ ಅರ್ಧ ಕೆಲಸ ದೇಹದ ತೂಕವೇ ಮಾಡಿಕೊಡುತ್ತದೆ. ಬಿಪಿ ಮಾತ್ರೆ ನುಂಗುವವರು ಎದ್ದೊಡನೆ ಹೆಜ್ಜೆ ಹಾಕದೆ, ಕುರ್ಚಿ ಹಿಡಿದು ಒಂದು ಕ್ಷಣ ನಿಲ್ಲಬೇಕು. ತಲೆ ಸುತ್ತಿದರೆ ಮತ್ತೆ ಕೂರಬೇಕು. ಜಾರುವ ಕಾಲೊರಸನ್ನು ಮೊದಲು ಮನೆಯಿಂದಾಚೆ ಹಾಕಬೇಕು.

ಸೂತ್ರ 6: ವಿನಿಯೋಗವು ಅಲ್ಪಾಲ್ಪವಾಗಿ.

ಭಾಷ್ಯ: ರಿಮೋಟಿನ ಸ್ಥಾನ ಟಿವಿಯ ಪಕ್ಕ. ಹಿರಿಯರ ಬಳಿ ನೀರಿನ ಬಾಟಲಿ ಇಡದೆ ಲೋಟ ಇಡಬೇಕು, ಖಾಲಿಯಾದರೆ ಅವರೇ ಎದ್ದು ತುಂಬಿಕೊಳ್ಳುತ್ತಾರೆ. ಅಮೆರಿಕದ ಫ್ರೀಮಾಂಟಿನಲ್ಲಿರುವ ಮಗಳು ವಿಡಿಯೊ ಕಾಲ್ ಮಾಡಿ ‘ಜಾಸ್ತಿ ಕೂರಬೇಡಿ’ ಎಂದು ಒಂದು ಗಂಟೆ ಉಪದೇಶಿಸಿದರೆ ಅದನ್ನು ನಿಂತು ಕೇಳತಕ್ಕದ್ದು. ಧಾರಾವಾಹಿಯ ಜಾಹೀರಾತುಗಳು ಈ ಶಾಸ್ತ್ರಕ್ಕೆ ವಾಹಿನಿಗಳಿತ್ತ ಮಹಾದಾನ. ಒಂದೊಂದಕ್ಕೂ ಎದ್ದು ಹಿತ್ತಿಲಿನ ತನಕ ಹೋಗಿ ಬರಬಹುದು. ಕೂತಲ್ಲೇ ಕೈ ಬೀಸಿ ಕೈಗಡಿಯಾರದಲ್ಲಿ ಹೆಜ್ಜೆ ಸಂಪಾದಿಸುವುದು ನಿಷಿದ್ಧ.

ಫಲಶ್ರುತಿ: ಈ ಗ್ರಂಥವನ್ನು ಪಾರಾಯಣ ಮಾಡಿದವರಿಗೆ ಯಾವ ಫಲವೂ ಇಲ್ಲ, ಎದ್ದು ನಿಂತವರಿಗಷ್ಟೇ ಫಲ. ಆದಕಾರಣ ಮಕ್ಕಳು ಸೊಸೆಯಂದಿರಲ್ಲಿ ವಿನಂತಿ: ಅಪ್ಪ ಅಮ್ಮನ ಮೇಲೆ ಪ್ರೀತಿಯಿದ್ದರೆ ನಾಳೆಯಿಂದ ಕಾಫಿಯನ್ನು ಸೋಫಾಕ್ಕೆ ಒಯ್ಯಬೇಡಿ. ಅಡುಗೆಮನೆ ಕಟ್ಟೆಯ ಮೇಲಿಟ್ಟು ‘ಆಯ್ತು, ಬನ್ನಿ’ ಎಂದು ಕೂಗಿ. ಎರಡು ದಿನ ಬೈಯುತ್ತಾರೆ, ಮೂರನೇ ದಿನ ಎದ್ದು ಬರುತ್ತಾರೆ.