ನಿದ್ರಾಪತಂಗ ಮೀಮಾಂಸೆ

ಪೀಠಿಕೆ: ದುಡಿಯುವ ಜೀವಿಗಳ ಬಗ್ಗೆ ವಿದ್ವಲ್ಲೋಕ ಬೇಕಾದಷ್ಟು ಬರೆದಿದೆ. ಇರುವೆ, ಜೇನು, ಗೆದ್ದಲು, ಈ ಮೂವರಿಗೇ ಸನ್ಮಾನಪತ್ರಗಳೆಲ್ಲ ಖರ್ಚಾಗಿವೆ. ಮಲಗಿಯೇ ಸಾಧಿಸಿದವರ ವಿಷಯದಲ್ಲಿ ಮಾತ್ರ ಶಾಸ್ತ್ರ ಬಡವಾಗಿದೆ. ಆ ಕೊರತೆ ನೀಗಿಸಲು, ಅಮೆರಿಕದ ಪಶ್ಚಿಮ ಮರುಭೂಮಿಯ ಪ್ರೊಡೊಕ್ಸಸ್ ವೈ-ಇನ್ವರ್ಸಸ್ ಎಂಬ ಪುಟ್ಟ ಪತಂಗವನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದೆ.

ಪೂರ್ವಪಕ್ಷ: ಇದು ಸೋಮಾರಿ, ಪರಾನ್ನಭೋಜಿ. ಇದರ ದಾಯಾದಿ ಟೆಜೆಟಿಕ್ಯುಲಾವನ್ನು ನೋಡಿ. ಅದರ ಹೆಣ್ಣು ಯುಕ್ಕಾ ಎಂಬ ಗಿಡದ ಹೂವಿನ ಪರಾಗವನ್ನು ಉಂಡೆ ಕಟ್ಟಿ, ಗದ್ದದಡಿ ಅವುಚಿಕೊಂಡು ಬೇರೆ ಹೂವಿಗೆ ಹಾರುತ್ತದೆ. ಅಂಡಾಶಯದಲ್ಲಿ ಮೊಟ್ಟೆಯಿಟ್ಟು ಶಲಾಕಾಗ್ರಕ್ಕೆ ಪರಾಗ ತುಂಬುತ್ತದೆ. ಕಟ್ಟಿದ ಬೀಜದಲ್ಲಿ ಮರಿಗಳಿಗೆ ಒಂದಷ್ಟು, ಉಳಿದದ್ದು ಗಿಡಕ್ಕೆ. 1870ರ ದಶಕದಲ್ಲಿ ಕೀಟವಿಜ್ಞಾನಿ ಚಾರ್ಲ್ಸ್ ರೈಲಿ ಇದನ್ನು ಬಯಲಿಗೆ ತಂದಾಗ ಡಾರ್ವಿನ್ನನೇ ಬೆರಗಾದ. ಪ್ರೊಡೊಕ್ಸಸ್ಸಿಗೋ, ಪರಾಗ ಹೊರುವ ಅಂಗವೇ ಇಲ್ಲ. ಯಾರೋ ಓಡಾಡಿ ಮಾಡಿಸಿದ ಮದುವೆಯಲ್ಲಿ ಮೊದಲ ಪಂಕ್ತಿಗೇ ಕೂತುಬಿಡುವ ಜಾತಿ.

ಸಿದ್ಧಾಂತ: ಹಾಗಲ್ಲ. ಮೊದಲನೆಯದಾಗಿ, ಇದರ ಮರಿ ಬೀಜಕ್ಕೆ ಬಾಯಿ ಹಾಕುವುದಿಲ್ಲ. ಕಾಯಿಯ ಗೋಡೆಯನ್ನಷ್ಟೇ ಕೊರೆಯುತ್ತದೆ. ಎರಡನೆಯದಾಗಿ, ಮರುಭೂಮಿಯ ಯುಕ್ಕಾ ಪ್ರತಿವರ್ಷವೂ ಹೂ ಬಿಡುವ ಗಿಡವಲ್ಲ. ಹೂವಿಲ್ಲದ ವರ್ಷ ಎದ್ದು ಕೂತ ಪತಂಗದ ವಂಶ ಅಲ್ಲಿಗೇ ಮುಗಿಯಿತು. ಆದಕಾರಣ ಮರಿ, ಒಣಗಿ ಕಟ್ಟಿಗೆಯಾದ ಕಾಯಿಯೊಳಗೆ ಬೆಳವಣಿಗೆ ನಿಲ್ಲಿಸಿ ಮಲಗುತ್ತದೆ.

ಪ್ರಮಾಣ: 1969ರಲ್ಲಿ ನೆವಾಡಾದಿಂದ ತಂದಿಟ್ಟ ಕಾಯಿಗಳಲ್ಲಿದ್ದ ಮರಿಗಳು 20, 25, ಕೊನೆಗೆ 30 ವರ್ಷ ಕಳೆದ ಮೇಲೂ ಪತಂಗಗಳಾಗಿ ಹೊರಬಂದದ್ದನ್ನು ಕ್ಯಾಲಿಫೋರ್ನಿಯಾದ ಕೀಟವಿಜ್ಞಾನಿ ಜೆರ್ರಿ ಪೊವೆಲ್ 2001ರಲ್ಲಿ ಪ್ರಕಟಿಸಿದರು. ಕೀಟಲೋಕದಲ್ಲಿ ಅಷ್ಟು ಉದ್ದದ ನಿದ್ದೆ ಅಲ್ಲಿಯವರೆಗೆ ದಾಖಲಾಗಿರಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಅಷ್ಟೂ ವರ್ಷ ಎಚ್ಚರವಿದ್ದು ಕಾದದ್ದು ವಿಜ್ಞಾನಿ. ಕೀರ್ತಿ ಸಂದದ್ದು ಮಲಗಿದ್ದವರಿಗೆ.

ಆಕ್ಷೇಪ: ನಿದ್ದೆಯೂ ಒಂದು ಕಾಯಕವೇ?

ಸಮಾಧಾನ: ಎಷ್ಟು ದುಡಿದೆ ಎಂದು ಕೇಳುವ ಲೋಕ, ಯಾವ ವರ್ಷ ಎದ್ದೆ ಎಂದು ಕೇಳುವುದಿಲ್ಲ. ಬರದ ನಾಡಿನಲ್ಲಿ ಎರಡನೆಯದೇ ದೊಡ್ಡ ಪ್ರಶ್ನೆ. ಒಂದೇ ಕಾಯಿಯ ಮರಿಗಳು ಒಟ್ಟಿಗೇ ಎದ್ದು ಒಟ್ಟಿಗೇ ಕೆಡುವುದಕ್ಕಿಂತ, ಕೆಲವು ಎದ್ದು ಕೆಲವು ಹೊರಳಿ ಮಲಗುವುದು ಜಾಣತನ. ಇದನ್ನೇ ಮನುಷ್ಯರು ಮಾಡಿದರೆ ದೂರದೃಷ್ಟಿಯ ಯೋಜನೆ ಎನ್ನುತ್ತಾರೆ.

ಫಲಶ್ರುತಿ: ಈ ಪ್ರಬಂಧವನ್ನು ಓದುತ್ತ ತೂಕಡಿಸಿದವರು ಸಿದ್ಧಾಂತವನ್ನು ಆಚರಣೆಗೆ ತಂದವರೆಂದೇ ಪರಿಗಣಿತರು. ಎಚ್ಚರವಾಗಿ ಉಳಿದವರು ತಮ್ಮ ಖಂಡನೆಯನ್ನು 30 ವರ್ಷಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಪ್ರಬಂಧಕಾರರು ಎದ್ದ ಕೂಡಲೇ ಉತ್ತರಿಸುವರು.