ಅಜ್ಜಾರೇ, ಅಲುಗಾಡಬ್ಯಾಡ್ರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಹುಟ್ಟಿದವನ ಮೈಗೆ ಕಲೆ ತಾನಾಗಿ ಅಂಟುತ್ತದೆ. ಅದಕ್ಕೊಂದು ಸರ್ಟಿಫಿಕೇಟು ಅಂಟಿಸಿಕೊಳ್ಳುವುದೇ ಕಷ್ಟ. ಸುಗ್ಗಿ ಮುಗಿದರೆ ಯಾವುದಾದರೂ ಊರಲ್ಲಿ ಬಯಲಾಟದ ಅಟ್ಟ ಏಳುತ್ತದೆ. ಹಡಗಲಿಯ ಎಂ.ಪಿ. ಪ್ರಕಾಶರು ರಾಜಕಾರಣದ ನಡುವೆಯೂ ನಾಟಕದ ಗೀಳು ಬಿಡದೆ ರಂಗಭಾರತಿ ಕಟ್ಟಿದವರು. ಇನ್ನು ಕೊಟ್ಟೂರಿನ ಹತ್ತಿರದ ಉಜ್ಜಿನಿಯ ಗುಡಿ. ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಅಂತ ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ನಾನು ಇವೆರಡನ್ನೂ ನೆಟ್ಟಗೆ ನೋಡದೆ, ಹರಪನಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ಗೊಬ್ಬರದ ಚೀಲ ಎಣಿಸುತ್ತ ನಿವೃತ್ತನಾದೆ.

ನಿವೃತ್ತಿಯಾದ ವರ್ಷವೇ ಊರ ಹುಡುಗರು ಪೌರಾಣಿಕ ನಾಟಕ ಕಲಿತರು. ಬಾಡಿಗೆ ಸೀನ್ಸು ದುಬಾರಿ ಎಂಬ ಮಾತು ಬಂದಾಗ, ಪರದೆ ಬರೆಯುವ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಹಸ್ತಿನಾವತಿಯ ಅರಮನೆ ಬರೆಯಬೇಕಿತ್ತು, ಬರೆದೆ. ನಾಟಕದ ರಾತ್ರಿ ದುರ್ಯೋಧನ ಎದೆ ಸೆಟೆಸಿ ತನ್ನ ಅರಮನೆಯ ವೈಭವ ವರ್ಣಿಸತೊಡಗಿದ. ಹಿಂದಿನಿಂದ ಯಾರೋ, “ಅದು ಅರಮನಿ ಅಲ್ಲಲೇ, ನಮ್ಮ ಸೊಸೈಟಿ! ಯೂರಿಯಾ ಬಂದೈತೇನು ಕೇಳು” ಎಂದು ಕೂಗಿದರು. ತಿರುಗಿ ನೋಡಿದೆ. ಅವರು ಹೇಳಿದ್ದು ಖರೆ. ಇಡೀ ನೌಕರಿ ಒಂದೇ ಕಟ್ಟಡ ನೋಡಿದ್ದ ಕೈ, ಕಿಟಕಿಯ ಸರಳು, ಚಾವಣಿಯ ಶೀಟು, ತೂಕದ ಯಂತ್ರದ ಕಟ್ಟೆ ಸಮೇತ ಅದನ್ನೇ ಇಳಿಸಿಬಿಟ್ಟಿತ್ತು. ದುರ್ಯೋಧನನ ಪಾರ್ಟು ಮಾಡಿದವನು ಸೊಸೈಟಿಯ ಸುಸ್ತಿ ಸಾಲಗಾರ ಬೇರೆ. ಬೆಳಗಿನ ತನಕ ಅವನು ಒಂದು ಸಲವೂ ಪರದೆಯ ಕಡೆ ಮುಖ ಮಾಡಲಿಲ್ಲ.

ಕಲಿತೇ ತೀರಬೇಕು ಅಂತ ಅವತ್ತೇ ಹಟ ಹಿಡಿದೆ. ಯಾವ ಕಾಲೇಜು ಎನ್ನುವುದೊಂದು ಬಾಕಿ ಉಳಿಯಿತು.

ನಮ್ಮ ಸೀಮೆಯವನಿಗೆ ದಿಕ್ಕಿಗೊಂದು ಆಸೆ ಇದೆ. ತೆಂಕಣಕ್ಕೆ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, 1964ರಷ್ಟು ಹಳೆಯದು. ಬಡಗಲಿಗೆ ತುಂಗಭದ್ರೆ ದಾಟಿದರೆ ಗದಗದ ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ ಸ್ವರ ಕೊಟ್ಟ ಜಾಗ. ಸಂಗೀತವನ್ನೇ ಕಲಿಯಲೇ ಅಂತ ಒಂದು ಮುಂಜಾನೆ ಹಿತ್ತಿಲಲ್ಲಿ ಷಡ್ಜ ಹಿಡಿದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, “ಎಮ್ಮಿ ಯಾಕೋ ಒದರಾಕತ್ತೈತಲ್ಲ, ಡಾಕ್ಟರಿಗೆ ತೋರಿಸ್ರಿ” ಎಂದರು. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ. ಗದಗದ ಆಸೆ ಅಲ್ಲಿಗೆ ಮುಗಿಯಿತು. ಮೂಡಣಕ್ಕೆ 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಶಿಲ್ಪ ಬೇಕೆಂದರೆ ಅವರದೇ ವಿಭಾಗ ಬಾದಾಮಿಯ ಬನಶಂಕರಿಯಲ್ಲಿದೆ. ಉಳಿ ಸುತ್ತಿಗೆ ಎಂಬ ಶಬ್ದ ಕಿವಿಗೆ ಬೀಳುತ್ತಲೇ ನನ್ನ ಸೊಂಟ ತಾನಾಗಿ ರಾಜೀನಾಮೆ ಬರೆಯಿತು.

ಪಡುವಣದ ಹೆಗ್ಗೋಡಿನ ಮೇಲೆ ನನಗೆ ಹಳೆಯ ಮೋಹ. ನೀನಾಸಂ 1949ರ ಸಂಸ್ಥೆ. ಕೆ.ವಿ. ಸುಬ್ಬಣ್ಣನವರು ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. ಹತ್ತು ತಿಂಗಳ ಕಲಿಕೆ, ಅಲ್ಲೇ ವಾಸ. ನನ್ನ ಹೆಂಡತಿ ಕಣ್ಣೀರಿಡಬಹುದೆಂದು ಹೆದರುತ್ತಲೇ ವಿಷಯ ತೆಗೆದೆ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, “ಹತ್ತು ತಿಂಗಳಿಗೆ ಏನು ಬರ್ತದ್ರಿ? ಚಂದಾಗಿ ಕಲೀಬೇಕಂದ್ರ ಎರಡು ವರ್ಷ ಇಟ್ಕೊಳ್ರಿ ಅಂತ ಕೇಳ್ರಿ” ಎಂದಳು. ಇಷ್ಟು ಧಾರಾಳ ಒಪ್ಪಿಗೆ ಸಿಕ್ಕ ಜಾಗಕ್ಕೆ ಹೋಗಲು ನನಗೆ ಮನಸ್ಸಾಗಲಿಲ್ಲ. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ನನ್ನ ಬಿ.ಪಿ. ಮಾತ್ರೆಗೆ ದೂರವಾದವು.

ಕಡೆಗೆ ಉಳಿದ ಅಳತೆಗೋಲು ಕಲೆಯದ್ದಲ್ಲ, ಬಸ್ಸಿನದು. ಬೆಳಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆ ಸೇರಬೇಕು. 2019ರಲ್ಲಿ ಹೊಸಪೇಟೆ–ಹರಿಹರ ರೈಲು ಶುರುವಾದದ್ದರಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯವರು ಎರಡು ದಿಕ್ಕಿಗೂ ಕನಸು ಕಾಣಬಹುದು. ಹಡಗಲಿ, ಕೂಡ್ಲಿಗಿಯವರಿಗೆ ರೈಲಿಲ್ಲ, ಅವರ ಕನಸೂ ಬಸ್ ಸ್ಟ್ಯಾಂಡಿನಲ್ಲೇ ನಿಂತಿರಬೇಕು. ರೈಲು, ಬಸ್ಸುಗಳ ವೇಳೆಗೆ ಕೂಡಿಬಂದ ಒಂದು ಕಾಲೇಜನ್ನು ನಾನು ಆರಿಸಿದೆ. ಹೆಸರು ಬೇಡ. ಅಲ್ಲಿಯವರು ಒಳ್ಳೆಯವರು, ಮುಂದಿನದನ್ನು ಓದಿ ಮುಜುಗರ ಪಟ್ಟುಕೊಂಡಾರು.

ಅರ್ಜಿಯ ಮೊದಲ ಪುಟದಲ್ಲೇ ಕಾಲು ಸಿಕ್ಕಿಬಿತ್ತು. ಜಿಲ್ಲೆ ಯಾವುದು? ನಾನು ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಸೇರಿತು, 2018ರ ಹೊತ್ತಿಗೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರವಾಯಿತು. ಮನೆಯ ಕಟ್ಟೆಯಿಂದ ಕದಲದೆ ಇಷ್ಟು ದೇಶಾಟನೆ ಮಾಡಿದವನ ದಾಖಲೆಗಳು ಒಂದಕ್ಕೊಂದು ಮಾತು ಬಿಟ್ಟಿದ್ದವು. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಕೇಳಲು ಹೋದರೆ ಕಿಟಕಿಯ ಹುಡುಗ, “ಮೊಮ್ಮಗನ ಹೆಸರೇನ್ರಿ?” ಎಂದ. ಅರ್ಜಿದಾರ ನಾನೇ ಎಂದೆ. ಅವನು ಒಂದು ಸಲ ನನ್ನನ್ನು, ಒಂದು ಸಲ ಅರ್ಜಿಯನ್ನು ನೋಡಿ, ಕುಡಿಯಲು ನೀರು ತರಿಸಿದ.

ಆಮೇಲೆ ನಡತೆ ಪತ್ರ. ನಾನು ಓದಿದ ಕಾಲೇಜಿನ ಈಗಿನ ಪ್ರಾಚಾರ್ಯರು ನಮ್ಮ ಸೊಸೈಟಿಗೆ ಅಪ್ಪನ ಕೈ ಹಿಡಿದು ಬರುತ್ತಿದ್ದ ಹುಡುಗ. ಪೆನ್ನು ಹಿಡಿದು ಬಹಳ ಹೊತ್ತು ಕೂತು, “ಸರ್, ನಡತೆ ‘ತೃಪ್ತಿಕರ’ ಅಂತ ಬರೀಲ್ರಿ, ‘ಉತ್ತಮ’ ಅಂತ ಬರೀಲ್ರಿ?” ಎಂದರು. ತಮ್ಮಪ್ಪನಿಗೆ ನಾನು ಅವತ್ತು ಗೊಬ್ಬರ ಕೊಟ್ಟಿರಲಿಲ್ಲ ಎಂಬ ನೆನಪು ಅವರ ಕಣ್ಣಲ್ಲಿ ಹಾದುಹೋಯಿತು. ತೃಪ್ತಿಕರ ಎಂದೇ ಬರೆದರು.

ಅಭಿರುಚಿ ಪರೀಕ್ಷೆಯ ದಿನ ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ವಲ್ಲಿ, ತಿರುವಿದ ಮೀಸೆಯಲ್ಲಿ ಹೊರಟೆ. ಕಲಾವಿದ ಕಲಾವಿದನ ಹಾಗೆ ಕಾಣಬೇಕಲ್ಲ. ಗೇಟಿನವನು ನನ್ನನ್ನು ಕಂಡದ್ದೇ ಒಳಗೆ ಓಡಿ, “ಸಾರ್, ಬಂದ್ರು” ಎಂದ. ನನ್ನ ಹಿರಿತನಕ್ಕೆ ಸಿಕ್ಕ ಮರ್ಯಾದೆ ಇದು ಎಂದುಕೊಂಡೆ. ಒಂದು ಹಾಲಿಗೆ ಕರೆದೊಯ್ದು ಎತ್ತರದ ಪೀಠದ ಮೇಲಿನ ಕುರ್ಚಿಯಲ್ಲಿ ಕೂರಿಸಿದರು. ಸುತ್ತ ಈಸೆಲ್ಲುಗಳ ಹಿಂದೆ ಹುಡುಗ ಹುಡುಗಿಯರು. ಮೌಖಿಕ ಪರೀಕ್ಷೆ ಇರಬೇಕೆಂದು ಮುಖ ಗಂಭೀರ ಮಾಡಿಕೊಂಡು ಪ್ರಶ್ನೆಗೆ ಕಾದೆ. ಯಾರೂ ಏನೂ ಕೇಳಲಿಲ್ಲ. ಇದ್ದಿಲ ಸದ್ದು ಮಾತ್ರ. ನಾನಾಗಿಯೇ ನನ್ನ ಕಲಾಜೀವನ ವಿವರಿಸಲು ಬಾಯಿ ತೆರೆದಾಗ ಮುಂದಿನ ಹುಡುಗಿ, “ಅಜ್ಜಾರೇ, ಅಲುಗಾಡಬ್ಯಾಡ್ರಿ, ಮೂಗು ತಪ್ಪತೈತಿ” ಎಂದಳು.

ಭಾವಚಿತ್ರದ ತರಗತಿಗೆ ಹೇಳಿಕಳಿಸಿದ್ದ ಮಾಡೆಲ್ ಅಜ್ಜ ಅವತ್ತು ಬಂದಿರಲಿಲ್ಲ. ಅವನ ಕುರ್ಚಿಯಲ್ಲಿ ನಾನು ಕೂತಿದ್ದೆ.

ಇಳಿದು ಬರುವಾಗ ಹಾಳೆಗಳ ಮೇಲೆಲ್ಲ ನಾನಿದ್ದೆ. ಒಂದರಲ್ಲಿ ನನ್ನ ಮಾವನವರಂತೆ, ಇನ್ನೊಂದರಲ್ಲಿ ಲೆಕ್ಕಪರಿಶೋಧನೆಯ ದಿನ ನಾನು ಹೇಗಿರುತ್ತಿದ್ದೆನೋ ಹಾಗೆ. ಮೇಷ್ಟ್ರಿಗೆ ನಿಜ ಹೇಳಿದಾಗ ಅವರು ಕೈಮುಗಿದು, ಚಹಾ ತರಿಸಿ, ಬಿಡಿಸಿ ಹೇಳಿದರು. ಬಿ.ವಿ.ಎ. ನಾಲ್ಕು ವರ್ಷದ್ದು. ಮೊದಲ ವರ್ಷ ಎಲ್ಲರಿಗೂ ಬುನಾದಿ ಪಾಠ, ಆಮೇಲೆ ಚಿತ್ರಕಲೆ, ಅನ್ವಯಿಕ ಕಲೆ, ಶಿಲ್ಪ ಎಂದು ಕವಲು. ಹಾಜರಾತಿ ಬಿಗಿ, ನಿಂತುಕೊಂಡೇ ಬರೆಯುವ ಕೆಲಸ ಜಾಸ್ತಿ. ಪರೀಕ್ಷೆಗೂ ಕೂರಿಸಿದರು. ನೆನಪಿನಿಂದ ಬರೆಯಬೇಕಾದ ಚಿತ್ರ: ಜಾತ್ರೆ. ಕೊಟ್ಟೂರು ತೇರನ್ನು ಕಣ್ಮುಂದೆ ತಂದುಕೊಂಡು ಬರೆದೆ. ತೇರು ಸುಮಾರಾಗಿ ಬಂತು. ಜನ ಮಾತ್ರ ಪಾಸ್‌ಬುಕ್ ಹಿಡಿದವರಂತೆ ಒಂದೇ ಸಾಲಿನಲ್ಲಿ ನಿಂತುಬಿಟ್ಟರು.

ಊರ ಕಟ್ಟೆಯಲ್ಲಿ ಒಬ್ಬ ಗೆಳೆಯ ತರಾಟೆಗೆ ತೆಗೆದುಕೊಂಡ. “ಮರಿಯಮ್ಮನಹಳ್ಳಿ ಮಂಜಮ್ಮ ಜೋಗತಿ ಯಾವ ಕಾಲೇಜಲೇ? ಕಾಳವ್ವ ಜೋಗತಿ ಹಿಂದ ಕುಣಿದು ಕಲ್ತಾಕಿ. 2019ರಾಗ ಜಾನಪದ ಅಕಾಡೆಮಿ ಅಧ್ಯಕ್ಷೆ ಆದ್ಳು, ಪದ್ಮಶ್ರೀ ತಂದ್ಳು. ನೀ ನಡತೆ ಪತ್ರ ಹಿಡ್ಕಂಡು ತಿರುಗು.” ಅವನ ಮಾತು ಸರಿ. ಆದರೆ ಮಂಜಮ್ಮನವರು ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಾರೆ. ನನಗೆ ತಲೆಯ ಮೇಲಿನ ಟೊಪ್ಪಿಗೆ ಹೊತ್ತು ಮೆಟ್ಟಿಲು ಹತ್ತಿದರೇ ಏದುಸಿರು. ನನ್ನಂಥವರಿಗೇ ಕಾಲೇಜು ಬೇಕಾಗುವುದು.

ಐವತ್ತು ದಾಟಿ ಈ ಹಾದಿ ಹಿಡಿಯುವವರು ಕಟ್ಟಡ ನೋಡಿ ಮರುಳಾಗಬೇಡಿ. ವಯಸ್ಸಿನ ಮಿತಿ ಇದೆಯೇ, ಹಾಜರಾತಿ ಎಷ್ಟು, ಕಡೆಯ ಬಸ್ಸು ಯಾವಾಗ, ಈ ಮೂರನ್ನು ಮೊದಲು ಕೇಳಿ. ಪಂಚೆ ಉಟ್ಟು ಹೋಗಬೇಡಿ.

ಪ್ರವೇಶದ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಭಾವಚಿತ್ರದ ತರಗತಿ ಇದ್ದಾಗ ಈಗಲೂ ಫೋನು ಬರುತ್ತದೆ. ಕೂಲಿ ಅವತ್ತೇ ಕೊಡುತ್ತಾರೆ, ಚಹಾ ಬೇರೆ.